ಹಾಂಟುಬಾಬುವಿನ ಮೊಣಕಾಲು

ಮದುವೆಯಾದ ಹೊಸತರಲ್ಲಿ ಗಂಡಂದಿರು ಹೆಂಡತಿಯ ಕಣ್ಣನ್ನೋ ಜಡೆಯನ್ನೋ ಹೊಗಳುತ್ತಾರಂತೆ. ನಾನು ಸುಭದ್ರಾಳ ಮೊಣಕಾಲಿನಲ್ಲಿ ತಪ್ಪು ಹುಡುಕಿದೆ. ರಾಣೆಬೆನ್ನೂರಿನ ಅವಳ ತವರುಮನೆಯಲ್ಲಿ ಬಾಗಿಲಿಗೆ ತೋರಣ ಕಟ್ಟಲು ಎತ್ತರದ ಸ್ಟೂಲು ಹತ್ತಿದ್ದಳು. ಕಟ್ಟಿ ಮುಗಿದ ಮೇಲೆ ಎಲ್ಲರಂತೆ ಒಂದೊಂದೇ ಕಾಲು ಇಳಿಸದೆ ಅಲ್ಲಿಂದಲೇ ಧೊಪ್ಪನೆ ನೆಲಕ್ಕೆ ಹಾರಿದಳು. ನಾನು ಚಹಾದ ಬಟ್ಟಲು ಹಿಡಿದು ನೋಡುತ್ತಾ ಕೂತಿದ್ದೆ.

"ಸುಭದ್ರಾ, ಮೇಲಿಂದ ಇಳಿಯೋವಾಗ ನಿನ್ನ ಎಡ ಮೊಣಕಾಲು ಒಳಗಡೆ ವಾಲುತ್ತೆ ಕಣೇ," ಎಂದೆ.

ಅವಳು ಸೆರಗು ಕೊಡವಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮ್ಮ ಹೊಟ್ಟಿ ಹೊರಗ ವಾಲತೈತಿ. ನಾ ಏನರ ಅಂದೇನೇನ್ರಿ?"

ಒಳಗೆ ಅಡುಗೆಮನೆಯಲ್ಲಿ ಯಾರೋ ಕಿಸಕ್ಕೆಂದರು. ನಾನು ಚಹಾ ಕುಡಿದೆ. ಆದರೆ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಹಾಗೆ ಸರಿಯಾಗಿರುವುದೇ ನನ್ನ ಬಾಳಿನ ದೊಡ್ಡ ತೊಂದರೆ.

ಮನುಷ್ಯನ ಮೂಳೆ, ಮಾಂಸಖಂಡ, ಕೀಲುಗಳು ಯಂತ್ರದ ಲೆಕ್ಕದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಓದುವ ಬಯೋಮೆಕ್ಯಾನಿಕ್ಸ್‌ನಲ್ಲಿ ನಾನು ಎಂ.ಟೆಕ್ ಮಾಡಿದ್ದೆ. ಜನ ಹೇಗೆ ನಡೆಯುತ್ತಾರೆ, ಹೇಗೆ ಹಾರುತ್ತಾರೆ ಎಂದು ಎರಡು ವರ್ಷ ಕುರ್ಚಿಯಲ್ಲಿ ಕೂತು ಕಲಿತೆ. ಕಲಿತು ಮುಗಿಯುವ ಹೊತ್ತಿಗೆ ನಾನು ನಡೆಯುವುದನ್ನೂ ಹಾರುವುದನ್ನೂ ಬಿಟ್ಟಿದ್ದೆ. ಆ ಓದಿಗೆ ಬೆಂಗಳೂರಿನಲ್ಲಿ ಸಿಕ್ಕ ಕೆಲಸ ಸಾಫ್ಟ್‌ವೇರ್ ಕಂಪನಿಯದು. ಅಮೆರಿಕದಲ್ಲಿ ಯಾರಾದರೂ ಜಾರಿ ಬಿದ್ದರೆ ವಿಮೆಯವರು ಅದನ್ನು ಯಾವ ಸಂಖ್ಯೆಯ ಕೆಳಗೆ ಬರೆದುಕೊಳ್ಳಬೇಕು ಎಂದು ಕಂಪ್ಯೂಟರಿಗೆ ಹೇಳಿಕೊಡುವ ಕೆಲಸ. ಸ್ನಾನದ ಮನೆಯಲ್ಲಿ ಬಿದ್ದರೆ ಒಂದು ಸಂಖ್ಯೆ, ಏಣಿಯಿಂದ ಬಿದ್ದರೆ ಇನ್ನೊಂದು. ಬೀಳದಂತೆ ಏನು ಮಾಡಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ.

ಸುಭದ್ರಾ ವಾಲಿಬಾಲ್ ಆಟಗಾರ್ತಿ. ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿ ಕೋಲ್ಕತ್ತಕ್ಕೆ ಬಂದವಳು. ಖಿದಿರ್‌ಪುರದ ಆಚೆ ಅವಳ ಕಚೇರಿ, ಕಚೇರಿಯ ಪಕ್ಕದಲ್ಲೇ ಮೈದಾನ. ಮದುವೆಯಾದ ಮೇಲೆ ನಾನು ಕೋಲ್ಕತ್ತಕ್ಕೆ ವರ್ಗ ಕೇಳಿದೆ. ಅದು ಎರಡು ಸಾವಿರದ ಆರನೆಯ ಇಸವಿ. ಬಂಗಾಳದ ಎಂಜಿನಿಯರುಗಳೆಲ್ಲ ಬೆಂಗಳೂರಿನ ರೈಲು ಹತ್ತುತ್ತಿದ್ದ ಕಾಲದಲ್ಲಿ ನಾನೊಬ್ಬ ಎದುರು ಮುಖ ಮಾಡಿ ನಿಂತೆ. ಮ್ಯಾನೇಜರು ನನ್ನ ಅರ್ಜಿ ಓದಿ, "ಮನೇಲಿ ಎಲ್ಲಾ ಚೆನ್ನಾಗಿದಾರಾ ಪ್ರಸನ್ನ?" ಎಂದು ಮೆಲ್ಲಗೆ ಕೇಳಿದರು.

ಕಸ್ಬಾದಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಬೆಳಿಗ್ಗೆ ಅವಳು ಪಶ್ಚಿಮಕ್ಕೆ, ನಾನು ಪೂರ್ವದ ಸಾಲ್ಟ್ ಲೇಕ್ ಕಡೆಗೆ. ಶನಿವಾರ ನನಗೆ ರಜೆ, ಅವಳಿಗೆ ಅಭ್ಯಾಸ. ಮನೆಯಲ್ಲಿ ಒಬ್ಬನೇ ಕೂತು ಮಾಡುವುದೇನೆಂದು ಮೈದಾನಕ್ಕೆ ಹೋಗತೊಡಗಿದೆ. ಹೋದ ಮೊದಲ ದಿನವೇ ನನಗೆ ಹಬ್ಬವಾಯಿತು. ಕಲ್ಲುಬೆಂಚಿನ ಮೇಲೆ ಕೂತು ನೋಡುತ್ತೇನೆ: ನೆಟ್ಟಿನ ಮುಂದೆ ಹಾರಿ ಇಳಿಯುವ ಒಂದೊಂದು ಕಾಲೂ ಒಳಗೆ ವಾಲುತ್ತಿದೆ! ಅಷ್ಟು ಕೆಟ್ಟ ಮೊಣಕಾಲುಗಳನ್ನು ನಾನು ಪುಸ್ತಕದಲ್ಲಿ ಕೂಡ ಒಟ್ಟಿಗೆ ಕಂಡಿರಲಿಲ್ಲ.

ಅಲ್ಲಿಯೇ ಬೆಂಚಿನ ಇನ್ನೊಂದು ತುದಿಯಲ್ಲಿ ಪ್ರತಿಮಾ ಎಂಬವಳು ಕೂತಿರುತ್ತಿದ್ದಳು. ಹಿಂದಿನ ವರ್ಷದವರೆಗೆ ತಂಡದ ನಾಯಕಿ. ಒಂದು ಸಲ ಹಾರಿ ಇಳಿದಾಗ, ಯಾರೂ ಮುಟ್ಟದೆ, ಯಾರೂ ಡಿಕ್ಕಿ ಹೊಡೆಯದೆ, ಅವಳ ಮೊಣಕಾಲೊಳಗಿನ ತಂತು ಹರಿದಿತ್ತು. ಈಗ ಕಚೇರಿಯಲ್ಲಿ ಫೈಲು ನೋಡುತ್ತಾಳೆ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತಾಳೆ, ಶನಿವಾರ ಮಾತ್ರ ತಪ್ಪದೆ ಬಂದು ಆಟ ನೋಡುತ್ತಾಳೆ. ಅದು ಹೇಗಾಯಿತೆಂದು ತಂಡದ ಕೋಚ್ ಬಾದಲ್‌ದಾರನ್ನು ಕೇಳಿದೆ. ದಪ್ಪ ಮೀಸೆಯ, ಕೊರಳಿಗೆ ಸದಾ ಸೀಟಿ ನೇತುಹಾಕಿಕೊಂಡ, ಐವತ್ತು ದಾಟಿದ ಮನುಷ್ಯ. ಅವರು ಹಿಂದಿಯಲ್ಲಿ, "ಹಣೆಬರಹ. ಇನ್ನೇನು?" ಎಂದು ಆಕಾಶ ತೋರಿಸಿದರು. ಕಾಲು ಉಳುಕಿದರೆ ಅವರ ಬಳಿ ಇದ್ದ ಮದ್ದು ಒಂದೇ: ಸುಣ್ಣ ಅರಿಶಿನ ಕಲಸಿ ಬಿಸಿ ಮಾಡಿ ಹಚ್ಚುವುದು.

"ಹಣೆಬರಹ ಅಲ್ಲ ದಾದಾ, ಮೊಣಕಾಲಿನ ಬರಹ," ಎಂದೆ. ಹಿಂದಿಯಲ್ಲಿ ಆ ಮಾತಿಗೆ ಯಾವ ಸ್ವಾರಸ್ಯವೂ ಉಳಿಯಲಿಲ್ಲ. ಅವರು ಸೀಟಿ ಊದಿಕೊಂಡು ಹೊರಟುಹೋದರು.

ಮುಂದಿನ ಶನಿವಾರ ನಾನು ಸಿದ್ಧನಾಗಿ ಹೋದೆ. ಕಂಪನಿಯ ವಾರ್ಷಿಕೋತ್ಸವಕ್ಕೆಂದು ಇಟ್ಟಿದ್ದ ವಿಡಿಯೋ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಲ್ಯಾಪ್‌ಟಾಪು. ಪ್ರಯೋಗಾಲಯದಲ್ಲಾದರೆ ಕೀಲುಗಳ ಮೇಲೆ ಹೊಳೆಯುವ ಗುಂಡುಗಳನ್ನು ಅಂಟಿಸುತ್ತಾರೆ. ನಾನು ಗರಿಯಾಹಾಟಿನ ಬೀದಿಯಲ್ಲಿ ದೊಡ್ಡ ಕೆಂಪು ಬಿಂದಿಗಳ ಹಾಳೆಗಳನ್ನು ಕೊಂಡಿದ್ದೆ. ಬಂಗಾಳಿ ಹೆಂಗಸರು ಹಣೆಗಿಡುವ, ರೂಪಾಯಿಯಷ್ಟಗಲದ ಬಿಂದಿ. ಸೊಂಟಕ್ಕೊಂದು, ಮೊಣಕಾಲಿಗೊಂದು, ಪಾದದ ಹರಡಿಗೊಂದು.

ವಿಜ್ಞಾನದ ಹುರುಪಿನಲ್ಲಿ ನನಗೆ ಹೊಳೆಯದೇ ಹೋದ ಸಂಗತಿಯೊಂದಿತ್ತು. ಹೊರಗಿನಿಂದ ನೋಡಿದವರಿಗೆ ನಾನು ಹೆಂಗಸರ ಕಾಲನ್ನು ಚಿತ್ರ ತೆಗೆಯಲು ಬಂದ, ಕೈಯಲ್ಲಿ ಬಿಂದಿ ಹಿಡಿದ, ಹೊಟ್ಟೆ ಬಂದ ಗಂಡಸು. ಬಾದಲ್‌ದಾ ನನ್ನ ಕ್ಯಾಮೆರಾದ ಮುಂದೆ ಗೋಡೆಯಂತೆ ನಿಂತರು. ಸುಭದ್ರಾ ದೂರದಲ್ಲಿ ಷೂ ದಾರ ಕಟ್ಟುವ ನೆಪದಲ್ಲಿ ತಲೆ ತಗ್ಗಿಸಿದವಳು ಮೇಲೆತ್ತಲೇ ಇಲ್ಲ. ಕೊನೆಗೆ ನನ್ನನ್ನು ಉಳಿಸಿದವಳು ಪ್ರತಿಮಾ. ಅವಳು ಕುಂಟುತ್ತಾ ಬಂದು ಬಾದಲ್‌ದಾರಿಗೆ ಬಂಗಾಳಿಯಲ್ಲಿ ಏನೋ ಹೇಳಿದಳು, ನನ್ನ ಕೈಯಿಂದ ಬಿಂದಿ ಹಾಳೆ ಕಸಿದುಕೊಂಡಳು, ತಾನೇ ಎಲ್ಲರ ಕಾಲಿಗೂ ಅಂಟಿಸಿದಳು. ಏನು ಹೇಳಿದಳೆಂದು ಆಮೇಲೆ ಸುಭದ್ರಾ ತಿಳಿಸಿದಳು: "ನನ್ನ ಕಾಲು ಹೋದಾಗ ಯಾರೂ ನೋಡಲಿಲ್ಲ, ಇವನಾದರೂ ನೋಡಲಿ."

ಸುಭದ್ರಾ ಮಾತ್ರ ಬಿಂದಿ ಅಂಟಿಸಿಕೊಳ್ಳಲಿಲ್ಲ.

ಅಭ್ಯಾಸ ಮುಗಿದ ಮೇಲೆ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಂದೊಂದೇ ಚಿತ್ರ ನಿಲ್ಲಿಸಿ ತೋರಿಸಿದೆ. ಬಿಂದಿಯಿಂದ ಬಿಂದಿಗೆ ಗೆರೆ ಎಳೆದೆ. "ನೋಡಿ, ಇಳಿಯೋವಾಗ ಈ ಗೆರೆ ನೆಟ್ಟಗಿರಬೇಕು. ಇಲ್ಲಿ ಮಧ್ಯದಲ್ಲಿ ಮುರಿದು ಒಳಗೆ ಹೋಗಿದೆ. ಮೈಭಾರದ ಹಲವು ಪಟ್ಟು ಹೊರೆ ಆ ಒಂದು ಕ್ಷಣದಲ್ಲಿ ಈ ಕೀಲಿನ ಮೇಲೆ ಬೀಳುತ್ತೆ. ಮೊಣಕಾಲಿನದು ನನ್ನಂಥ ಟೀಮ್ ಲೀಡ್‌ನ ಪಾಡು. ಮೇಲೆ ಸೊಂಟ ಸೋಮಾರಿಯಾದರೂ ಕೆಳಗೆ ಪಾದ ಅಡ್ಡಾದಿಡ್ಡಿ ಇಟ್ಟರೂ ಏಟು ಬೀಳೋದು ನಡುವೆ ಇರೋ ಇದಕ್ಕೆ."

ಚೆಂಡನ್ನು ಎತ್ತಿಕೊಡುವ ಮೌಶುಮಿ ಎಂಬ ಕಡ್ಡಿಯಂಥ ಹುಡುಗಿ ತನ್ನದೇ ಕಾಲಿನ ಚಿತ್ರ ನೋಡಿ "ಮಾಗೋ!" ಎಂದು ಕಣ್ಣು ಮುಚ್ಚಿಕೊಂಡಳು. ಪ್ರತಿಮಾ ಮುಚ್ಚಿಕೊಳ್ಳಲಿಲ್ಲ. "ಏನು ಮಾಡಿದರೆ ಸರಿಹೋಗುತ್ತದೆ, ಹೇಳಿ," ಎಂದಳು.

ಉತ್ತರ ನನ್ನ ಬಳಿ ಇತ್ತು. ಆಟಕ್ಕೆ ಮುಂಚೆ ಸ್ವಲ್ಪ ಹೊತ್ತು ಮೈ ಬಿಸಿ ಮಾಡುವ ವ್ಯಾಯಾಮಗಳು. ಒಂಟಿ ಕಾಲಿನಲ್ಲಿ ನಿಲ್ಲುವುದು, ಹಾರಿ ಸದ್ದಿಲ್ಲದೆ ಇಳಿಯುವುದು, ಇಳಿದ ಭಂಗಿಯಲ್ಲೇ ಕುಕ್ಕರಿಸಿ ಕದಲದೆ ಇರುವುದು, ತೊಡೆಯ ಹಿಂಭಾಗದ ಸ್ನಾಯುಗಳಿಗೆ ಬಲ ಬರುವಂಥ ಕೆಲವು. ಪಟ್ಟಾಗಿ ಮಾಡಿದರೆ ಇಂಥ ಪೆಟ್ಟುಗಳು ಕಡಿಮೆಯಾಗುತ್ತವೆಂದು ಹಲವು ದೇಶಗಳಲ್ಲಿ ಲೆಕ್ಕ ಹಾಕಿ ನೋಡಿದ್ದರು. ಮಾಡಿ ತೋರಿಸಿ ಎಂದರು. ನಾನು ಕುಕ್ಕರಿಸಿದೆ. ಪ್ಯಾಂಟಿನ ಹೊಲಿಗೆ ಹೋಯಿತು. ಆ ದಿನದಿಂದ ಅವರು ವ್ಯಾಯಾಮವನ್ನು 'ಕಪ್ಪೆ ಕುಣಿತ' ಎಂದೂ ನನ್ನನ್ನು 'ಹಾಂಟುಬಾಬು' ಎಂದೂ ಕರೆಯತೊಡಗಿದರು. ಹಾಂಟು ಎಂದರೆ ಬಂಗಾಳಿಯಲ್ಲಿ ಮೊಣಕಾಲು. ಗೇಟಿನ ಕಾವಲುಗಾರ ಕೂಡ, "ಹಾಂಟುಬಾಬು ಬಂದರು," ಎಂದು ಒಳಗೆ ಕೂಗುವ ಮಟ್ಟಿಗೆ ಹೆಸರಾಯಿತು.

ದುರ್ಗಾಪೂಜೆಯ ರಜೆ ಕಳೆದು ಚಳಿ ಶುರುವಾಗುವ ಹೊತ್ತಿಗೆ ತಂಡದವರು ಮೆತ್ತಗೆ ಇಳಿಯಲು ಕಲಿತಿದ್ದರು. ಮೊದಲು ಧಡ್ ಧಡ್ ಎನ್ನುತ್ತಿದ್ದ ಅಂಗಳದಲ್ಲಿ ಈಗ ಬೆಕ್ಕು ಜಿಗಿದಂತೆ ಸದ್ದು. ಸುಭದ್ರಾಳದು ಮಾತ್ರ ಅದೇ ಧಡ್. ನಮ್ಮ ಕಪ್ಪೆ ಕುಣಿತ ನಡೆಯುವಾಗ ಅವಳು ಮೈದಾನದ ಸುತ್ತ ಒಬ್ಬಳೇ ಓಡುತ್ತಿದ್ದಳು.

"ಎಲ್ಲರೂ ಮಾಡ್ತಾರೆ, ನೀನೊಬ್ಬಳು ಯಾಕೆ ಹಟ ಮಾಡ್ತೀಯ?" ಎಂದು ಒಂದು ದಿನ ಮನೆಯಲ್ಲಿ ಕೇಳಿದೆ.

ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಸ್ವಲ್ಪ ಜೋರಾಯಿತು. "ಮನ್ಯಾಗೂ ನೀವ, ಮೈದಾನದಾಗೂ ನೀವ ಆದ್ರ ನಾ ಎಲ್ಲಿ ಹೋಗಲಿ? ಹಾರೂಮುಂದ ನನಗ ಚೆಂಡು ಅಷ್ಟ ಕಾಣಬೇಕು. ನೀವು ಕುಂತೀರಿ ಅಂದ್ರ ನನಗ ನನ್ನ ಮೊಣಕಾಲು ಕಾಣತೈತಿ."

ಇದಕ್ಕೆ ಉತ್ತರವಾಗಿ ನಾನು ಮೊಣಕಾಲಿನ ಬಗ್ಗೆ ಇನ್ನೂ ಒಂದಿಷ್ಟು ಹೇಳಿದೆ ಎಂದರೆ ನೀವು ನಂಬಬೇಕು.

ಡಿಸೆಂಬರಿನಲ್ಲಿ ಹೌರಾದ ಒಂದು ಕ್ಲಬ್ಬಿನ ತಂಡದೊಡನೆ ಸ್ನೇಹದ ಪಂದ್ಯವಾಯಿತು. ಕೊನೆಯ ಪಾಯಿಂಟನ್ನು ಸುಭದ್ರಾ ಹೊಡೆದಳಂತೆ. ಎದುರಿಗೆ ಇಬ್ಬರು ಕೈಯೆತ್ತಿ ತಡೆಗೋಡೆ ಕಟ್ಟಿದ್ದರೂ ಅವರ ನಡುವಿನ ಸಂದಿಯಲ್ಲಿ ತೂರಿಸಿದಳಂತೆ. 'ಅಂತೆ' ಎನ್ನುವುದೇಕೆಂದರೆ ಕಾಲಿನ ಎತ್ತರಕ್ಕೆ ಇಳಿಸಿಟ್ಟಿದ್ದ ನನ್ನ ಕ್ಯಾಮೆರಾದಲ್ಲಿ ಚೆಂಡಾಗಲಿ ಅವಳ ಕೈಯಾಗಲಿ ಇರಲೇ ಇಲ್ಲ. ಎಲ್ಲರೂ ಅವಳನ್ನು ಎತ್ತಿ ಕುಣಿಸುತ್ತಿದ್ದರು. ಬೆವರಿನಲ್ಲಿ ತೊಯ್ದು, ನಗುತ್ತಾ, ನನ್ನ ಕಡೆ ಓಡಿಬಂದಳು. ಅಷ್ಟು ಚೆಂದ ಅವಳು ನಗುವುದನ್ನು ನಾನು ಮದುವೆಯಲ್ಲಿ ಕೂಡ ಕಂಡಿರಲಿಲ್ಲ.

"ನೋಡಿದ್ರೇನ್ರಿ?"

"ನೋಡಿದೆ," ಎಂದೆ. "ಹೋದ ತಿಂಗಳಿಗಿಂತ ಜಾಸ್ತಿ ವಾಲ್ತಾ ಇದೆ."

ಅವಳ ನಗು ಇದ್ದಲ್ಲೇ ನಿಂತಿತು. "ನಾವು ಗೆದ್ದದ್ದು ಗೊತ್ತೈತಿ ಹೌದಿಲ್ಲೋ?" ಎಂದಳು.

ನನಗೆ ಗೊತ್ತಿರಲಿಲ್ಲ. ಇನ್ನೊಂದು ಸೆಟ್ ಇದೆ ಎಂದುಕೊಂಡಿದ್ದೆ. ಮುಖ ನೋಡಿಯೇ ಅವಳಿಗೆ ಅರ್ಥವಾಯಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಮಹಿಳೆಯರ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದವಳು ಒಮ್ಮೆಯೂ ಈ ಕಡೆ ತಿರುಗಲಿಲ್ಲ. ನಾನು ಕ್ಯಾಮೆರಾ ಸ್ಟ್ಯಾಂಡನ್ನು ತಬ್ಬಿಕೊಂಡು ನಿಂತೇ ಬಂದೆ. ಎಲ್ಲಿ ತಪ್ಪಿದೆ ಎಂದು ದಾರಿಯುದ್ದಕ್ಕೂ ಯೋಚಿಸಿ, ಕೊನೆಗೆ ಕ್ಯಾಮೆರಾವನ್ನು ಇನ್ನೊಂದು ಸ್ವಲ್ಪ ಓರೆಯಾಗಿ ಇಡಬೇಕಿತ್ತು ಎಂಬ ತೀರ್ಮಾನಕ್ಕೆ ಬಂದೆ.

ಜನವರಿಯಲ್ಲಿ ಕಚೇರಿ ತಂಡಗಳ ನಡುವಿನ ಪಂದ್ಯಾವಳಿ ಬಂತು. ದಕ್ಷಿಣ ಕೋಲ್ಕತ್ತದ ಒಂದು ಕೆರೆಯ ದಂಡೆಯಲ್ಲಿ ಮಣ್ಣಿನ ಅಂಗಳ. ಬಿಸಿಲು ಹಿತವಾಗಿತ್ತು. ಜನ ಕಿತ್ತಳೆ ಸುಲಿಯುತ್ತಾ ಸುತ್ತ ಕೂತಿದ್ದರು. ಸೆಮಿಫೈನಲ್ ಶುರುವಾಗಬೇಕೆನ್ನುವಾಗ ಗೆರೆ ಕಾಯುವವನೊಬ್ಬ ಬಂದಿಲ್ಲ ಎಂದು ತಿಳಿಯಿತು. ಚೆಂಡು ಗೆರೆಯೊಳಗೆ ಬಿದ್ದರೆ ಬಾವುಟ ಕೆಳಕ್ಕೆ ತೋರಿಸಬೇಕು, ಹೊರಗೆ ಬಿದ್ದರೆ ಮೇಲಕ್ಕೆತ್ತಬೇಕು. ಇಷ್ಟೇ ಕೆಲಸ. ಎದುರು ತಂಡದವರ ಒಪ್ಪಿಗೆ ಪಡೆದು ಬಾದಲ್‌ದಾ ನನ್ನ ಕೈಗೆ ಬಾವುಟ ಕೊಟ್ಟರು. ಕ್ಯಾಮೆರಾವನ್ನು ಎಂದಿನಂತೆ ಕಾಲಿನ ಎತ್ತರಕ್ಕಿಟ್ಟು, ಚಾಲೂ ಮಾಡಿ, ನಾನು ಮೂಲೆಯಲ್ಲಿ ಎದೆಯುಬ್ಬಿಸಿ ನಿಂತೆ. ಸುಭದ್ರಾ ನನ್ನನ್ನು ನೋಡಿ ಹಣೆ ಚಚ್ಚಿಕೊಂಡಳು.

ಒಂದೊಂದು ಸೆಟ್ ಗೆದ್ದು ಎರಡೂ ತಂಡಗಳು ಮೂರನೆಯದರಲ್ಲಿ ಸಮಸಮ ನಡೆದಿದ್ದವು. ಮೌಶುಮಿ ಚೆಂಡನ್ನೆತ್ತಿದಳು. ಸುಭದ್ರಾ ಹಾರಿ, ನೆಟ್ಟಿನ ಆಚೆಯ ನನ್ನ ಮೂಲೆಗೇ ಗುರಿಯಿಟ್ಟು ಹೊಡೆದಳು. ಚೆಂಡು ನನ್ನ ಕಾಲಿನತ್ತಲೇ ಬಂತು. ತಪ್ಪಿಸಿಕೊಳ್ಳಲೆಂದು ನಾನು ಮೇಲಕ್ಕೆ ಹಾರಿದೆ. ಹೌದು, ಹಾರಿದೆ. ಹಾರಿದ ಮೇಲೆ ಇಳಿಯಲೇಬೇಕಲ್ಲ. ಬಲಗಾಲೊಂದರ ಮೇಲೆ, ಮೊಣಕಾಲನ್ನು ಕಂಬದಂತೆ ನೆಟ್ಟಗಿಟ್ಟುಕೊಂಡು ಇಳಿದೆ. ಪಾದ ನೆಲಕ್ಕೆ ಊರಿದ ಮೇಲೆ, ಚೆಂಡು ಎಲ್ಲಿ ಬಿತ್ತೆಂದು ನೋಡಲು ಮೈಯನ್ನು ಮಾತ್ರ ತಿರುಗಿಸಿದೆ. ಏನೇನು ಮಾಡಬಾರದೆಂದು ಆರು ತಿಂಗಳು ಊರಿಗೆಲ್ಲ ಹೇಳಿದ್ದೆನೋ ಅದೆಲ್ಲವನ್ನೂ ಪುಸ್ತಕದಲ್ಲಿದ್ದ ಕ್ರಮದಲ್ಲೇ ಮಾಡಿದೆ. ಒಳಗೆಲ್ಲೋ 'ಟಪ್' ಎಂದಿತು. ಮೊಣಕಾಲು ಒಳಗೆ ವಾಲಿತು, ನಾನು ಹೊರಗೆ ಉರುಳಿದೆ.

ಬೀಳುವಾಗ ಕೈಯಲ್ಲಿದ್ದ ಬಾವುಟವೂ ಕೆಳಗೆ ಬಿತ್ತಷ್ಟೆ. ರೆಫರಿ ಅದನ್ನು ಕಂಡು, ಚೆಂಡು ಒಳಗೆ ಬಿದ್ದಿದೆ ಎಂದು ಸೀಟಿ ಊದಿ ನಮ್ಮವರಿಗೆ ಪಾಯಿಂಟ್ ಕೊಟ್ಟರು. ನಮ್ಮ ಕಡೆ ಕೇಕೆ. ಎದುರು ತಂಡದವರು ಜಗಳಕ್ಕೆ ನಿಂತರು. ರೆಫರಿ ತಮ್ಮ ಎತ್ತರದ ಪೀಠದಿಂದಿಳಿದು ಬಂದು, ನೆಲದಲ್ಲಿ ಹೊರಳಾಡುತ್ತಿದ್ದ ನನ್ನ ಮೇಲೆ ಬಗ್ಗಿ, "ಇನ್ನೋ ಔಟೋ?" ಎಂದು ಕೇಳಿದರು.

ಬಾದಲ್‌ದಾ ಅವರ ಹಿಂದೆ ನಿಂತು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದರು. ಚೆಂಡು ಗೆರೆಯಿಂದ ಒಂದಡಿ ಆಚೆ ಬಿದ್ದದ್ದನ್ನು ನಾನು ಕಂಡಿದ್ದೆ. ಅದನ್ನು ಕಾಣಲೆಂದೇ ಅಲ್ಲವೇ ಮೈ ತಿರುಚಿದ್ದು.

"ಔಟ್," ಎಂದು ನರಳಿದೆ.

ಮೊಣಕಾಲೂ ಹೋಯಿತು, ಪಾಯಿಂಟೂ ಹೋಯಿತು. ಆಟಗಾರ್ತಿಯರಲ್ಲಿ ಯಾರು ಮೊದಲು ನನ್ನನ್ನು ಕೊಲ್ಲಬೇಕೆಂದು ಚರ್ಚೆ ನಡೆಯುತ್ತಿದ್ದಾಗ ಸುಭದ್ರಾ ನೆಟ್ಟಿನ ಕೆಳಗೆ ನುಸುಳಿ ಓಡಿಬಂದಳು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಏನಾತ್ರಿ? ಎಲ್ಲಿ ನೋಯಾಕತ್ತೈತಿ?"

"ಮುಂದಿನ ಅಡ್ಡತಂತು ಹರಿದಿದೆ ಸುಭದ್ರಾ. ಕಾಲು ಊರಿದಾಗ ಬಾಗಿರಲಿಲ್ಲ, ಮೇಲಿಂದ ತಿರುಚಿದೆ, ಅದಕ್ಕೇ..."

"ಸುಮ್ನಿರ್ರಿ ಮಾರಾಯಾ!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ತುಟಿ ಮಾತ್ರ ನಗು ತಡೆಯುತ್ತಿತ್ತು.

ಪ್ರತಿಮಾ ಮತ್ತು ಅಲ್ಲಿನ ಕಾವಲುಗಾರರಿಬ್ಬರು ಸೇರಿ ನನ್ನನ್ನು ದಂಡೆಯ ಬೆಂಚಿನ ಮೇಲೆ ಮಲಗಿಸಿದರು. ಪಕ್ಕದ ಮೀನಿನ ಮಾರುಕಟ್ಟೆಯಿಂದ ಯಾರೋ ಮಂಜುಗಡ್ಡೆ ತಂದು ತೆಳ್ಳನೆಯ ಗಮ್ಚಾ ಟವೆಲ್ಲಿನಲ್ಲಿ ಸುತ್ತಿ ಮೊಣಕಾಲಿಗೆ ಕಟ್ಟಿದರು. ಅದರಿಂದ ಇಲಿಶ್ ಮೀನಿನ ನಾತ ಹೊಡೆಯುತ್ತಿತ್ತು. ತಲೆತಲಾಂತರದಿಂದ ಈರುಳ್ಳಿಯನ್ನು ಕೂಡ ಅನುಮಾನದಿಂದ ನೋಡಿದ ಮೈಸೂರಿನ ಮನೆತನ ನಮ್ಮದು. ಸುಭದ್ರಾ ಆಸ್ಪತ್ರೆಗೆ ಹೋಗೋಣವೆಂದಳು. ಪಂದ್ಯ ಮುಗಿಸಿ ಬಾ, ಊತ ಬರುವುದಕ್ಕೆ ಇನ್ನೂ ಹೊತ್ತಿದೆ ಎಂದೆ. ಪ್ರತಿಮಾ ನನ್ನ ಪಕ್ಕ ಕೂತು, "ನೀನು ಆಡು, ಇವನನ್ನು ನಾನು ನೋಡಿಕೊಳ್ಳುತ್ತೇನೆ," ಎಂದಳು.

ಕ್ಯಾಮೆರಾ ದೂರದಲ್ಲಿತ್ತು. ಲ್ಯಾಪ್‌ಟಾಪ್ ಚೀಲದಲ್ಲಿತ್ತು. ಮಲಗಿದ್ದಲ್ಲಿಂದ ಮೊಣಕಾಲುಗಳು ಕಾಣುತ್ತಿರಲಿಲ್ಲ, ಮುಂದೆ ಕೂತವರ ತಲೆಗಳು ಅಡ್ಡ ಬರುತ್ತಿದ್ದವು. ಆ ತಲೆಗಳ ಮೇಲೆ ನೆಟ್ಟು, ನೆಟ್ಟಿನ ಮೇಲೆ ಆಗಾಗ ಎದ್ದು ಬರುವ ಕೈಗಳು, ಮುಖಗಳು ಅಷ್ಟೇ ಕಾಣುತ್ತಿದ್ದವು. ಹಾಗೆ ನಾನು ನನ್ನ ಹೆಂಡತಿಯ ಆಟವನ್ನು ಮೊದಲ ಬಾರಿಗೆ ನೋಡಿದೆ. ಸುಭದ್ರಾ ಮೇಲೆದ್ದು ಬಂದು ಒಂದು ಗಳಿಗೆ ಅಲ್ಲೇ ನಿಲ್ಲುತ್ತಿದ್ದಳು. ಎಲ್ಲರೂ ಇಳಿಯತೊಡಗಿದ ಮೇಲೂ ಅವಳು ಇಳಿಯುತ್ತಿರಲಿಲ್ಲ, ಚೆಂಡು ತನ್ನ ಕೈಗೆ ಬರುವವರೆಗೆ ಕಾಯುತ್ತಿದ್ದಳು. ಅದು ಸಾಧ್ಯವಿಲ್ಲ ಎಂದು ನನ್ನ ಓದು ಹೇಳುತ್ತದೆ, ಗಾಳಿಯಲ್ಲಿ ಯಾರೂ ಕಾಯಲಾರರು. ಆದರೆ ನಾನು ಕಂಡದ್ದು ಅದನ್ನೇ. ಅವಳೊಮ್ಮೆ ಹಾಗೆ ಕಾದು ಹೊಡೆದಾಗ ನಾನು ಮೊಣಕಾಲು ಮರೆತು ಎದ್ದು ನಿಲ್ಲಲು ಹೋಗಿ, ಕಿರುಚಿ, ಮತ್ತೆ ಬಿದ್ದೆ. "ಖುಷಿಯೋ ನೋವೋ?" ಎಂದು ಪ್ರತಿಮಾ ಕೇಳಿದಳು. ನನಗೂ ಸರಿಯಾಗಿ ತಿಳಿಯಲಿಲ್ಲ.

ನಮ್ಮವರು ಸೋತರು. ಎರಡೇ ಪಾಯಿಂಟಿನಿಂದ.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಹೇಗಾಯಿತೆಂದು ಕೇಳಿದರು. ನಾನು ಕೋನಗಳ ಸಮೇತ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು, "ಇಷ್ಟೆಲ್ಲ ಗೊತ್ತಿದ್ದೂ?" ಎಂದರು. ಹಿಂದೆ ನಿಂತಿದ್ದ ಸುಭದ್ರಾ ಈ ಸಲ ನಗು ತಡೆಯುವ ಗೋಜಿಗೆ ಹೋಗಲಿಲ್ಲ.

ಶಸ್ತ್ರಚಿಕಿತ್ಸೆಯಾಯಿತು. ಆಮೇಲಿನ ತಿಂಗಳುಗಳೆಂದರೆ ನನ್ನದೇ ವ್ಯಾಯಾಮಗಳು ನನ್ನ ಮೇಲೆ ತೀರಿಸಿಕೊಂಡ ಸೇಡು. ಊರಿಗೆಲ್ಲ ಹಂಚಿದ ಬುದ್ಧಿಯನ್ನು ನಾನು ಒಂದು ದಿನವೂ ಬಳಸಿದವನಲ್ಲ. ಮಂಚದ ಮೇಲೆ ಕೂತು ಕಾಲೆತ್ತುವಾಗ, 'ನೋಯುತ್ತೆ', 'ನಾಳೆ ಮಾಡ್ತೀನಿ', 'ಮೊದಲು ಸ್ವಲ್ಪ ಕಾಫಿ' ಎಂದೆಲ್ಲ ನೆಪ ಹೂಡಿದೆ. ಸುಭದ್ರಾ ಬೇಡಿದಳು, ಬಯ್ದಳು, ಕೊನೆಗೆ ನೆಲದ ಮೇಲೆ ಚಾಪೆ ಹಾಸಿ ತಾನೂ ಪಕ್ಕದಲ್ಲಿ ಕೂತಳು.

"ನಾ ಮಾಡ್ತೀನಿ, ನನ್ನ ಕೂಡ ಮಾಡ್ರಿ. ನಾ ನಿಲ್ಲಿಸೋತನಕ ನೀವು ನಿಲ್ಲಿಸೂಹಂಗಿಲ್ಲ."

ಹೀಗೆ ಯಾವುದನ್ನು ಮಾಡಲಾರೆನೆಂದು ಹಟ ಹಿಡಿದಿದ್ದಳೋ ಅದನ್ನು ನನ್ನ ಸಲುವಾಗಿ ದಿನಾ ಮಾಡಿದಳು. ನಾನು ಊರುಗೋಲು ಬಿಟ್ಟು, ಗೋಡೆ ಬಿಟ್ಟು, ಮೆಟ್ಟಿಲ ಮೇಲಿಂದ ಮೆಲ್ಲಗೆ ಜಿಗಿಯುವ ಹಂತಕ್ಕೆ ಬಂದಾಗ ಅವಳು ನನ್ನೊಡನೆ ಜಿಗಿಯುತ್ತಿದ್ದಳು. ಅವಳ ಪಾದ ನೆಲಕ್ಕೆ ತಾಗಿದ್ದು ಕೇಳಿಸುತ್ತಿರಲಿಲ್ಲ. ಗೆರೆ ನೆಟ್ಟಗಿತ್ತು. ನಾನು ನೋಡಿದೆ. ಹೇಳಲು ಬಾಯಿ ತೆರೆದೆ, ಮುಚ್ಚಿದೆ. ನನ್ನ ಪಾಲಿಗೆ ಅದು ಮೊಣಕಾಲಿಗಿಂತ ಕಠಿಣವಾದ ವ್ಯಾಯಾಮ.

ಈ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಆ ದಿನ ಚಾಲೂ ಇದ್ದ ಕ್ಯಾಮೆರಾವನ್ನು ಮೌಶುಮಿ ಜೋಪಾನವಾಗಿ ಎತ್ತಿಟ್ಟಿದ್ದಳು. ಅದರಲ್ಲಿ ನನ್ನ ಪತನ ಆದಿಯಿಂದ ಅಂತ್ಯದವರೆಗೆ, ಒಳ್ಳೆಯ ಬೆಳಕಿನಲ್ಲಿ, ಸರಿಯಾದ ಕೋನದಲ್ಲಿ ಸೆರೆಯಾಗಿತ್ತು. ನಾನು ಮೂರು ಸಲ ನೋಡಿದೆ. ಅಷ್ಟು ಅಚ್ಚುಕಟ್ಟಾದ ಉದಾಹರಣೆ ನನ್ನ ಪ್ರಾಧ್ಯಾಪಕರ ಬಳಿ ಕೂಡ ಇರಲಿಲ್ಲ. ಬಾದಲ್‌ದಾ ಬೇರೆ ಕಚೇರಿಗಳ ಕೋಚುಗಳನ್ನು ಕರೆಸಿ ತೋರಿಸಿದರು. ಮೊದಲು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಎರಡನೆಯ ಸಲ ನಿಧಾನಗತಿಯಲ್ಲಿ ಹಾಕಿದಾಗ, ಮೊಣಕಾಲು ಒಳಗೆ ಮುರಿದು ಹೋಗುವ ಆ ಕ್ಷಣದಲ್ಲಿ ಕೋಣೆ ತಣ್ಣಗಾಯಿತಂತೆ. ಆಗ ಪ್ರತಿಮಾ ಎದ್ದು ನಿಂತು, "ನನಗೂ ಹೀಗೇ ಆಯಿತು," ಎಂದಳಂತೆ. ನಾನೆಳೆದ ಗೆರೆಗಳಿಂದ ಆಗದ ಕೆಲಸ ನನ್ನ ಬೀಳುವಿಕೆಯಿಂದ ಆಯಿತು. ಕೆಲವು ತಂಡಗಳು ಕಪ್ಪೆ ಕುಣಿತ ಶುರುಮಾಡಿದವು.

ಅದರ ಮರುವರ್ಷ ನಮ್ಮ ತಂಡದಲ್ಲಿ ಯಾರ ಮೊಣಕಾಲೂ ಹೋಗಲಿಲ್ಲ. ಇಷ್ಟು ಚಿಕ್ಕ ತಂಡದ ಒಂದು ವರ್ಷದ ಲೆಕ್ಕದಿಂದ ಏನನ್ನೂ ಸಾಧಿಸಿ ತೋರಿಸಲಾಗದು ಎಂದು ನಾನು ಬಾದಲ್‌ದಾರಿಗೆ ತಿಳಿಹೇಳಿದೆ. ಅವರು, "ಹಾಂಟುಬಾಬು, ಒಂದು ದಿನವಾದರೂ ಖುಷಿಯಾಗಿ ಇರು," ಎಂದು ಬೆನ್ನಿಗೆ ಗುದ್ದಿದರು.

ಹೌರಾದ ಒಂದು ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರು ಸೇರಿ ನನ್ನನ್ನು ಭಾಷಣಕ್ಕೆ ಕರೆದರು. ಬಯೋಮೆಕ್ಯಾನಿಕ್ಸ್ ಓದಿ ಇಷ್ಟು ವರ್ಷಗಳಾದ ಮೇಲೆ ಆ ವಿಷಯದ ಸಲುವಾಗಿ ನನ್ನನ್ನು ಕರೆದದ್ದು ಅದೇ ಮೊದಲು. ಹೊಸ ಅಂಗಿ ಹಾಕಿಕೊಂಡು ಹೋದೆ. ವಿಡಿಯೋ ಹಾಕಿದೆವು. ನಾನು ಬಿದ್ದೆ, ಎಲ್ಲರೂ ನಕ್ಕರು, ಆಮೇಲೆ ನಾನು ಮಾತಾಡಿದೆ. ಕೊನೆಗೆ ಒಬ್ಬ ಶಿಕ್ಷಕಿ, ಸರಿಯಾಗಿ ಇಳಿಯುವುದು ಹೇಗೆಂದು ಮಾಡಿ ತೋರಿಸಿ ಎಂದರು. ನಾನು ಅಂಗಿಯ ತೋಳು ಮಡಚುವಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಸುಭದ್ರಾ ಎದ್ದಳು. "ಅವರಿಗೆ ಬ್ಯಾಡ್ರಿ, ಡಾಕ್ಟರು ಬಯ್ತಾರ," ಎಂದು ಕನ್ನಡದಲ್ಲೇ ಹೇಳಿ, ವೇದಿಕೆಯ ಮೇಲಿದ್ದ ಬೆಂಚು ಹತ್ತಿ, ಜಿಗಿದು, ಗರಿಯ ಹಾಗೆ ಇಳಿದು ನಿಂತಳು. ಚಪ್ಪಾಳೆ ನನ್ನ ಭಾಷಣಕ್ಕಿಂತ ಹೆಚ್ಚು ಹೊತ್ತು ಹೊಡೆದರು. ನಾನೂ ಹೊಡೆದೆ.

ಸೇತುವೆ ದಾಟಿ ಮನೆಗೆ ಬರುವ ಬಸ್ಸು ಕಿಕ್ಕಿರಿದಿತ್ತು. ಕೋಲ್ಕತ್ತದ ಬಸ್ಸುಗಳಲ್ಲಿ ಒಂದು ಪದ್ಧತಿಯಿದೆ. ಗಂಡಸರು ಇಳಿಯುವಾಗ ಡ್ರೈವರು ಬಸ್ಸನ್ನು ಪೂರ್ತಿ ನಿಲ್ಲಿಸುವುದಿಲ್ಲ, ಓಡುತ್ತಿರುವಾಗಲೇ ಜಿಗಿದುಕೊಳ್ಳಬೇಕು. ಮಗುವನ್ನೆತ್ತಿಕೊಂಡ ಹೆಂಗಸು ಇಳಿಯುವಾಗ ಮಾತ್ರ ಕಂಡಕ್ಟರು, "ಆಸ್ತೆ! ಲೇಡೀಸ್, ಕೋಲೇ ಬಾಚ್ಚಾ!" ಎಂದು ಕೂಗುತ್ತಾನೆ. ನಿಧಾನ, ಹೆಂಗಸು, ಕಂಕುಳಲ್ಲಿ ಮಗು ಎಂದು ಅರ್ಥ. ಆಗ ಬಸ್ಸು ನಿಲ್ಲುತ್ತದೆ.

ಕಸ್ಬಾ ಬಂತು. ನಾನು ಫುಟ್‌ಬೋರ್ಡಿನಲ್ಲಿ ನಿಂತು, ಸರಿದುಹೋಗುತ್ತಿದ್ದ ರಸ್ತೆಯನ್ನು ನೋಡುತ್ತಾ, ಎಷ್ಟು ವೇಗ, ಯಾವ ಕಾಲು ಮೊದಲು, ಮೊಣಕಾಲು ಎಷ್ಟು ಬಾಗಿರಬೇಕು ಎಂದು ಲೆಕ್ಕ ಹಾಕತೊಡಗಿದೆ. ಹಿಂದಿನವರು ನೂಕುತ್ತಿದ್ದರು. ಕಂಡಕ್ಟರು ಬಾಗಿಲು ಬಡಿಯುತ್ತಾ "ನಾಮುನ್, ನಾಮುನ್," ಇಳೀರಿ ಇಳೀರಿ ಎಂದು ಅವಸರಿಸುತ್ತಿದ್ದ.

ನನ್ನ ಹೆಗಲ ಹಿಂದಿನಿಂದ ಸುಭದ್ರಾ, ಮೈದಾನದಲ್ಲಿ ಚೆಂಡು ಕೇಳುವ ದನಿಯಲ್ಲಿ, ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು:

"ಆಸ್ತೆ! ಲೇಡೀಸ್! ಕೋಲೇ ಬಾಚ್ಚಾ!"

ಡ್ರೈವರು ಗಕ್ಕನೆ ಬ್ರೇಕು ಹಾಕಿದ. ಎಲ್ಲರೂ ಮಗು ಎಲ್ಲಿದೆ ಎಂದು ಕತ್ತು ಉದ್ದ ಮಾಡಿ ನೋಡಿದರು. ಅವಳು ನನ್ನ ತೋಳು ಹಿಡಿದು ತೋರಿಸಿದಳು. ಬಸ್ಸಿಗೆ ಬಸ್ಸೇ ನಗುತ್ತಿರುವಾಗ ನಾನು ಎರಡೂ ಕಾಲನ್ನು ಒಂದೊಂದಾಗಿ, ನಿಧಾನವಾಗಿ ನೆಲಕ್ಕಿಟ್ಟೆ.